ಲಿಸಾಂದ್ರೊನ ಪಿಂಚಣಿಯ ಮಂಚ

ವಾಲ್ಪರೈಸೊ, ೨ ಮೇ ೨೦೨೧, ಭಾನುವಾರ

ನಿದ್ದೆ ಬರುತ್ತಿಲ್ಲ. ಪಕ್ಕದಲ್ಲಿ ನನ್ನ ಮುದ್ದು ಗಂಡ ಲಿಸಾಂದ್ರೊ ಮಗುವಿನಂತೆ ಮಲಗಿದ್ದಾನೆ. ಮದುವೆಯಾಗಿ ಆರು ವಾರವಾದರೂ ಅವನನ್ನು ನೋಡಿದರೆ ಇನ್ನೂ ಎದೆ ಕುಣಿಯುತ್ತದೆ! ಆದರೆ ಸಂಜೆಯ ಮಾತು ತಲೆಯಿಂದ ಹೋಗುತ್ತಿಲ್ಲ.

ಚಹಾಕ್ಕೆ ಅತ್ತೆ ಬಂದಿದ್ದರು. ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚುತ್ತಾ ನಾನು ಸುಮ್ಮನೆ ಅವನನ್ನು ಕೇಳಿದೆ: "ಕೊರೊನಾ ಕಷ್ಟಕ್ಕೆ ಅಂತ ನಮ್ಮ ನಮ್ಮ ಪಿಂಚಣಿ ನಿಧಿಯಿಂದ ಮೂರನೇ ಸಲ ದುಡ್ಡು ತೆಗೆಯೋಕೆ ಬಿಟ್ಟಿದ್ದಾರಲ್ಲ, ನೀನು ತೆಗೀತೀಯಾ?"

"ನನ್ನದರಲ್ಲಿ ಏನಿದೆ ತೆಗೆಯೋಕೆ? ಮೊದಲನೇ ಸಲ ಫ್ರಿಜ್ಜು, ಎರಡನೇ ಸಲ ನಮ್ಮ ಮಂಚ. ಈಗ ಸೊನ್ನೆ ಕಣೇ! ಈ ಸಲ ನಿನ್ನದು ತೆಗಿ, ಬೈಕ್ ತಗೊಳ್ಳೋಣ."

"ಮುದುಕ ಆದ್ಮೇಲೆ ಏನು ತಿಂತೀಯೋ, ಮಂಚದ ಕಾಲಾ?" ಅಂದರು ಅತ್ತೆ.

"ಮಕ್ಕಳು ಸಾಕ್ತಾರೆ ಬಿಡಮ್ಮ."

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೋ."

ಇಬ್ಬರೂ ನಕ್ಕರು. ಅತ್ತೆಯ ಪಿಂಚಣಿ ಗ್ಯಾಸಿಗೂ ಕರೆಂಟಿಗೂ ಮುಗಿದುಹೋಗುತ್ತದೆ. ಈ ವಯಸ್ಸಿನಲ್ಲೂ ನಾಳೆ ಬೆಳಗ್ಗೆ ಕಚೇರಿಗಳ ನೆಲ ಒರೆಸಲು ಹೋಗಬೇಕು. ಅವನ ಮಾತಿಗೆ ನನಗೆ ನಗು ಬಾರದೇ ಇದ್ದದ್ದು ಇದೇ ಮೊದಲು.

ಈ ಮಂಚ ಬಂದ ದಿನ ಎಷ್ಟು ಹಿಗ್ಗಿದ್ದೆ! ಈಗ ಹೊರಳಿದಾಗಲೆಲ್ಲ ಅವನ ಮುಪ್ಪಿನ ಮೇಲೆ ಮಲಗಿದ್ದೇನೆ ಅನ್ನಿಸುತ್ತದೆ. ನನ್ನ ನಿಧಿಯ ದುಡ್ಡನ್ನು ನಾನು ಮುಟ್ಟುವುದಿಲ್ಲ. ಬೆಳಗ್ಗೆಯೇ ಹೇಳಿಬಿಡುತ್ತೇನೆ. ಪಾಪ, ಬೈಕಿನ ಬಣ್ಣವನ್ನೂ ಆರಿಸಿಟ್ಟಿದ್ದಾನೆ. ಮುಖ ಸಣ್ಣದು ಮಾಡಿಕೊಂಡು, ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಕೇಳುತ್ತಾನೆ. ನಿನ್ನ ಮೇಲೆ ಇದೆ, ಇನ್ನೂ ಹುಟ್ಟದ ಮಕ್ಕಳ ಮೇಲೆ ಈಗಲೇ ಭಾರ ಹಾಕಲಾರೆ ಅನ್ನಲೇ? ಇಲ್ಲ, ಮೊದಲು ಗಟ್ಟಿಯಾಗಿ ಅಪ್ಪಿಕೊಂಡು, ಆಮೇಲೆ...