ಬಾಗಲ ಮಾಮಾನ ಕೊನೆಯ ಪಾರ್ಟು

೩ ಸೆಪ್ಟೆಂಬರ್ ೨೦೨೫, ಬುಧವಾರ

…ಅದಕ್ಕೇ ಅವನನ್ನು ಹೀರೋ ಅನ್ನಲಿಕ್ಕಾಗುವುದಿಲ್ಲ. ವಿಲನ್ನೂ ಅಲ್ಲ. ಕ್ಯಾರೆಕ್ಟರ್ ಆ್ಯಕ್ಟರ್. ನಿನ್ನೆ ಇಷ್ಟು ಬರೆಯುವಷ್ಟರಲ್ಲಿ ರೀಫಿಲ್ ಮುಗಿಯಿತು. ಆಲ್ಬರ್ಟ್ ಪೆಂಬ್ಲಿ, ಇಂಗ್ಲೆಂಡಿನ ಸಿನಿಮಾ ನಟ. ಸತ್ತು ಎಂಬತ್ತು ವರ್ಷದ ಮೇಲಾಯಿತು. ಕಪ್ಪು ಕೋಟು. ಬಾಗಿಲು ತೆಗೆಯುತ್ತಾನೆ, ‘ಡಿನ್ನರ್ ಈಸ್ ಸರ್ವ್ಡ್’ ಅನ್ನುತ್ತಾನೆ, ಬಾಗಿಲು ಎಳೆದುಕೊಂಡು ಹೋಗುತ್ತಾನೆ. ಮುಗಿಯಿತು ಪಾರ್ಟು.

ಮಿಲ್ಲಿನಿಂದ ರಿಟೈರ್ ಆದ ಮೇಲೆ, ಕಾಲೇಜಿನ ಇಂಗ್ಲಿಷಿಗೆ ಹಿಡಿದ ತುಕ್ಕು ಉಜ್ಜೋಣ ಅಂತ ಫೋನಿನಲ್ಲಿ ಹಳೇ ಬ್ರಿಟಿಷ್ ಸಿನಿಮಾ ಹಚ್ಚಿದ್ದು ನಾನು. ಅವನನ್ನು ಕಂಡುಹಿಡಿದದ್ದು ಹೆಂಡತಿ ಸುವರ್ಣಾ. ಬೆಳ್ಳುಳ್ಳಿ ಸುಲಿಯುತ್ತ ಪಕ್ಕಕ್ಕೆ ಕೂತಿದ್ದಳು. ಇಂಗ್ಲಿಷ್ ಒಂದಕ್ಷರ ಬರದು.

“ಈ ಮನಶ್ಯಾ ನಿನ್ನೆ ಪೊಲೀಸ ಆಗಿ ಬಂದಿದ್ನಲ್ರಿ?”

“ಬಿಳೇ ಮಂದಿ ಎಲ್ಲಾರೂ ಒಂದ ನಮೂನಿ ಕಾಣ್ತಾರ ನಿನಗ.”

“ನಿಮಗ ಕಾಣ್ತಿರಬೇಕು.”

ಹಿಂದಕ್ಕೆ ಸರಿಸಿ ನೋಡಿದೆ. ಅವನೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನು ಬಾಗಲ ಮಾಮಾ.

೫ ಸೆಪ್ಟೆಂಬರ್

ಬೆಳಿಗ್ಗೆ ಕಾಳಿ ನದಿ ಕಡೆ ಹೋಗಿಬಂದೆ. ಮಂಡಿ ನೋವು. ಅವಲಕ್ಕಿ ತಿಂದೆ.

ಮಾಮಾನ ಕೆರಿಯರ್ ಪೂರಾ ಒಮ್ಮೆ ಫೋನಿನಲ್ಲಿ ಓದಿ ಹೇಳಿದ್ದೆ ಸುವರ್ಣಾಗೆ, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು. ಮೊದಲು ಊರೂರು ತಿರುಗುವ ನಾಟಕ ಕಂಪನಿ. ಆಮೇಲೆ ಮಾತಿಲ್ಲದ ಸಿನಿಮಾ — ಪೊಲೀಸ, ಪೋಸ್ಟ್‌ಮನ್, ಗಾಳಿಗೆ ಟೊಪ್ಪಿಗೆ ಹಾರಿಹೋದ ದಾರಿಹೋಕ. ಒಂದರಲ್ಲಿ ಬರೀ ಬೆನ್ನು. ಸಿನಿಮಾಕ್ಕೆ ಮಾತು ಬಂದ ಮೇಲೆ ದನಿ ಸರಿಯಿಲ್ಲದ ಹೀರೋಗಳೇ ಮನೆ ಸೇರಿದರಂತೆ. ಇವನದು ಒಳ್ಳೇ ಗಂಟಲು. ಬಟ್ಲರ್ ಆದ. ಮುಂದೆ ಸಾಯುವ ತನಕ ಬಟ್ಲರೇ. ಅರ್ಧಕ್ಕರ್ಧ ಸಿನಿಮಾದಲ್ಲಿ ಹೆಸರೂ ಹಾಕಿಲ್ಲ. ಹೆಂಡತಿ ಮೊದಲೇ ಹೋದಳು. ಮಕ್ಕಳಿಲ್ಲ.

“ನಮ್ಹಂಗ” ಅಂದಳು. “ಹಂಗಾರ ಹಿರೇರ ಅಮಾಸಿಗೆ ಅವಗ ಎಡಿ ಯಾರು ಇಡ್ತಾರ್ರಿ?”

ಅವರ ದೇಶದಲ್ಲಿ ಅದೆಲ್ಲ ಇಲ್ಲ ಎಂದೆ.

“ಇಲ್ಲಂದ್ರ ಹಸಿವೂ ಇರಂಗಿಲ್ಲೇನು?”

ಆ ವರ್ಷದಿಂದ ಮಹಾಲಯ ಅಮಾವಾಸ್ಯೆಗೆ ನಮ್ಮ ಅಪ್ಪ-ಅವ್ವನ ಎಡೆಯ ಪಕ್ಕ ಒಂದು ಸಣ್ಣ ಎಲೆ ಜಾಸ್ತಿ. ಒಂದು ಕಪ್ ಚಹಾ. ಹಟ ಹಿಡಿದು ಸ್ಟುಡಿಯೋದಲ್ಲಿ ಅವನ ಫೋಟೋ ಪ್ರಿಂಟ್ ಹಾಕಿಸಿ, ಕಟ್ಟು ಕಟ್ಟಿಸಿ, ಗೋಡೆಗೆ ಹಾಕಿದಳು. ನಕ್ಕಿದ್ದೆ ನಾನು.

೮ ಸೆಪ್ಟೆಂಬರ್, ಸೋಮವಾರ

ತೇರಗಾಂವದಿಂದ ಅಕ್ಕನ ಫೋನು. ಸಿದ್ದಕ್ಕನಿಗೆ ಹಲೋ ಗಿಲೋ ಇಲ್ಲ, ಎತ್ತಿದರೆ ಶುರು.

“ತಮ್ಮಾ, ಅಮಾಸಿಗೆ ನಾನ ಬರ್ತೇನಿ. ಸುವರ್ಣಾನ್ನ ಹಿರೇರೊಳಗ ಕೂಡಸಬೇಕು ಈ ಸಲ. ಛಲೋದೊಂದು ಸೀರಿ ತಂದಿಡು. ಹಸರ ತಗೋ. ಅಕಿಗೆ ಹಸರ ಒಪ್ಪತಿತ್ತು.”

ಹೂಂ ಅಂದೆ. ಹಿರೇರೊಳಗೆ. ಅವಳು ನನಗಿಂತ ಆರು ವರ್ಷ ಸಣ್ಣವಳು.

೧೨ ಸೆಪ್ಟೆಂಬರ್

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದುಬಿಡುತ್ತೇನೆ.

ಮಾಮಾನ ಕೊನೆಯ ಸಿನಿಮಾ ಫೋನಿನಲ್ಲಿ ಅರ್ಧಕ್ಕೆ ನಿಂತಿದೆ. ಶಿವರಾತ್ರಿಯ ಹಿಂದಿನ ವಾರ ಇಬ್ಬರೂ ಕೂತು ನೋಡುತ್ತಿದ್ದೆವು. ಅದರಲ್ಲಿ ಮೊಟ್ಟಮೊದಲು ಮಾಮಾನಿಗೆ ದೊಡ್ಡ ಪಾರ್ಟು. ಮುದುಕ ಬಟ್ಲರ್. ಯಜಮಾನನ ಮಗ ಕೆಲಸದಿಂದ ತೆಗೆದುಹಾಕುತ್ತಾನೆ. ಮಾಮಾ ಚೀಲ ಹಿಡಿದು ಮೆಟ್ಟಿಲಿಳಿದು ಬರುತ್ತಾನೆ. ಯಾರ್ಯಾರಿಗೋ ತೆಗೆದ ಬಾಗಿಲು, ಈಗ ತನಗೇ ತೆಗೆದುಕೊಳ್ಳಬೇಕು. ಹಿಡಿಕೆಯ ಮೇಲೆ ಕೈ. ಅಷ್ಟರಲ್ಲಿ ಹೊರಗಿನಿಂದ ಯಾರೋ ಗಂಟೆ ಬಾರಿಸುತ್ತಾರೆ.

“ನಿಲ್ಲಸ್ರಿ ಸ್ವಲ್ಪ. ಎದಿಯಾಗ ಹೆಂಗೋ ಆಗಾಕತ್ತೈತಿ. ನಾ ಬಂದ ಮ್ಯಾಲೆ ನೋಡೂಣು” ಅಂದಳು ಸುವರ್ಣಾ.

ನೀರು ಕುಡಿಯಲು ಎದ್ದವಳು ಅಡಿಗೆಮನೆಯ ಹೊಸ್ತಿಲಲ್ಲಿ ಕುಸಿದಳು. ಧಾರವಾಡದ ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ಬಿಟ್ಟಳು. ನನ್ನನ್ನು ನೋಡಿ ಕೇಳಿದ್ದು — “ಅವ ಹೊರಗ ಹೋದ್ನೇನ್ರಿ?”

“ನಾನೂ ನೋಡಿಲ್ಲ. ನೀ ಬಂದ ಮ್ಯಾಲೆ.”

ಅವಳು ಬರಲಿಲ್ಲ. ಫೋನು ಆ ಜಾಗ ನೆನಪಿಟ್ಟುಕೊಂಡಿದೆ. ಕೆಂಪು ಗೆರೆ ಅರ್ಧಕ್ಕೇ ನಿಂತಿದೆ. ಮುಟ್ಟಿಲ್ಲ.

೧೯ ಸೆಪ್ಟೆಂಬರ್, ಶುಕ್ರವಾರ

ಅಕ್ಕ ಬಂದಳು, ಹಳಿಯಾಳದ ಬಸ್ಸಿನಲ್ಲಿ, ಚೀಲದ ತುಂಬ ಬದನೆಕಾಯಿ. ಬಂದವಳೇ ಸೆರಗು ಸಿಗಿಸಿ ಮನೆ ಬಳಿದಳು. ಬಜಾರಿನಿಂದ ನಾನು ವಾಪಸ್ ಬರುವಷ್ಟರಲ್ಲಿ ಫೋಟೋಗಳೆಲ್ಲ ಒರೆಸಿ ವಿಭೂತಿ ಹಚ್ಚಿದ್ದಳು. ಮಾಮಾನ ಹಣೆಗೂ ಮೂರು ಗೆರೆ!

“ಇವರು ನಿಮ್ಮ ಮಿಲ್ಲಿನ ಹಳೇ ಸಾಹೇಬರಲ್ಲ? ಭಾಳ ಮರ್ಯಾದಸ್ಥರು ಕಾಣ್ತಾರ.”

“ಸಾಹೇಬ ಅಲ್ಲಕ್ಕಾ, ಆಳು. ಸಿನಿಮಾದಾಗಿನ ಆಳು. ಸುವರ್ಣಾನ ಮಾಮಾ.”

“ಅಕಿಗೆ ಎಲ್ಲಿಂದ ಬಂದ್ನೋ ಈ ಬಿಳೇ ಮಾಮಾ? ಲಗ್ನದಾಗ ಕಂಡಿರಲಿಲ್ಲಲ್ಲ!”

ಎಷ್ಟೋ ತಿಂಗಳ ಮೇಲೆ ನಕ್ಕೆ. ಒರೆಸಲು ಹೋದಳು, ಬೇಡ ಎಂದೆ. ವಿಭೂತಿ ಅವನಿಗೆ ಒಪ್ಪುತ್ತದೆ.

೨೦ ಸೆಪ್ಟೆಂಬರ್, ಮಧ್ಯಾಹ್ನ

ಅಕ್ಕನ ಜೊತೆ ಜಗಳ.

ನಮ್ಮಲ್ಲಿ ಪದ್ಧತಿ ಹೀಗೆ — ಎಡೆ ಇಟ್ಟು ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂಡಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಯಾರೂ ಇಣುಕುವ ಹಾಗಿಲ್ಲ. ಆಮೇಲೆ ಬಾಗಿಲು ಬಡಿದೇ ಒಳಗೆ ಹೋಗುವುದು. ಬಡಿದ ಸಪ್ಪಳಕ್ಕೆ ಅವರು ಎದ್ದು ಹೋಗಲಿ ಅಂತ.

ಎಡೆಯ ಮುಂದೆ ಫೋನು ಇಡುತ್ತೇನೆ, ಉಳಿದ ಅರ್ಧ ಸಿನಿಮಾ ಹಚ್ಚಿಟ್ಟು ಬರುತ್ತೇನೆ ಅಂದೆ.

“ಹುಚ್ಚು ಹಿಡದೈತೇನು ನಿನಗ? ಹಿರೇರು ಉಣ್ಣೂ ಹೊತ್ತಿನ್ಯಾಗ ಗದ್ದಲ! ಅಪ್ಪ ಹೊಸಲಿ ದಾಟದ ಹಂಗ ಹೊಳ್ಳಿ ಹೋಗ್ತಾನ.”

“ಹೋಗ್ಲಿ. ಅಪ್ಪ ವರ್ಷಾ ಬರ್ತಾನ. ಅಕಿ ಮೊದಲನೇ ಸಲ ಬರಾಕತ್ತಾಳ. ಬಂದ ಮ್ಯಾಲೆ ನೋಡೂಣು ಅಂದಿದ್ದಳು.”

“ನೋಡೂಣು ಅಂದಿದ್ದಳು. ನೀ ಹೊರಗ, ಅಕಿ ಒಳಗ. ಯಾವ ನೋಡೂಣೋ ಅದು?”

ಅದನ್ನು ನಾನು ಯೋಚಿಸಿರಲಿಲ್ಲ.

ಆಮೇಲೆ ಕಡಲೆಬೇಳೆ ಆರಿಸುತ್ತ ಅಕ್ಕ ತಾನೇ ಕೇಳಿದಳು. “ಇಂಗ್ಲಿಷಿನ್ಯಾಗ ಐತೆಲ್ಲ, ಅಕಿಗೆ ತಿಳೀತಿತ್ತೇನು?”

“ನನಗಿಂತ ಛಲೋ ತಿಳೀತಿತ್ತು.”

“ಹಂಗಾರ ದನಿ ಸಣ್ಣದ ಇಡು” ಅಂದಳು.

೨೧ ಸೆಪ್ಟೆಂಬರ್, ಭಾನುವಾರ. ಅಮಾವಾಸ್ಯೆ. ಸಂಜೆ

ಹೊರಗೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಕ್ಕ.

ಎಡೆ ಆಯಿತು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ಹಸಿರು ಇಳಕಲ್ ಸೀರೆಯ ಮೇಲೆ ಮಲ್ಲಿಗೆ. ಮಾಮಾನ ಎಲೆಗೆ ಚಹಾ ಅಕ್ಕನೇ ತಂದಿಟ್ಟಳು, ಸಾಸರ್ ಸಮೇತ. ಫೋನನ್ನು ತಂಬಿಗೆಗೆ ಒರಗಿಸಿ ಸುವರ್ಣಾನ ಫೋಟೋ ಕಡೆ ತಿರುಗಿಸಿದೆ. ಒತ್ತಿದೆ. ನೋಡದೆ ಒತ್ತಿದೆ.

ಮಾಮಾ ಬಾಗಿಲು ಹಾಕುವಾಗ ಯಾರಿಗೂ ಬೆನ್ನು ತೋರಿಸುವುದಿಲ್ಲ. ಹಿಂದೆ ಹಿಂದೆ ಸರಿದು, ಎಡಗೈಯಿಂದ ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಅವಳೇ ತೋರಿಸಿದ್ದು ಅದನ್ನು; ಚಹಾ ಕೊಟ್ಟು ಅಡಿಗೆಮನೆಗೆ ಹೋಗುವಾಗ ಹಾಗೇ ಮಾಡಿ ನಗಿಸುತ್ತಿದ್ದಳು. ಇವತ್ತು ನಾನೂ ಹಾಗೇ ಸರಿದೆ. ಎಡಗೈಯಿಂದ ಎಳೆದೆ. ಬಾಯಿಗೆ ಬಂದೇಬಿಟ್ಟಿತು — ಡಿನ್ನರ್ ಈಸ್ ಸರ್ವ್ಡ್. ಅಕ್ಕ ತಿರುಗಿ ನೋಡಿದಳು. ಬೈಯಲಿಲ್ಲ.

ಒಳಗಿನಿಂದ ಗಂಟೆಯ ಸಪ್ಪಳ. ಮತ್ತೊಮ್ಮೆ. ಬಾಗಿಲು ಕಿರುಗುಟ್ಟಿತು — ಸಿನಿಮಾದ್ದು. ಒಬ್ಬ ಹೆಂಗಸಿನ ದನಿ, ಸಣ್ಣಗೆ. ಆಮೇಲೆ ಮಾಮಾ. ಅದೇ ಗಂಟಲು. ಕಿವಿ ಹಚ್ಚಿದರೂ ‘ಟುನೈಟ್’ ಅನ್ನುವುದೊಂದೇ ಸಿಕ್ಕಿತು. ಬೂಟಿನ ನಡಿಗೆ. ಒಳಕ್ಕೋ ಹೊರಕ್ಕೋ. ಆಮೇಲೆ ಪಿಯಾನೋ, ಬಹಳ ಹೊತ್ತು.

ಹೋದನೋ, ಉಳಿದನೋ. ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಾಯಿತು.

ಈಗ ಸದ್ದಿಲ್ಲ.

“ಬಡಿ ತಮ್ಮಾ. ಉಂಡಿರ್ತಾರ.”

“ಇನ್ನೊಂದೀಟು ತಡಿ ಅಕ್ಕಾ. ಅಕಿ ಸಾವಕಾಶ ಉಣ್ತಾಳ.”

ಬಡಿದರೆ ಏಳುತ್ತಾಳೆ. ಕೂತಿರಲಿ. ಹೋಳಿಗೆಗೆ ತುಪ್ಪ ಹಾಕಿಕೊಳ್ಳಲಿ.

ಎದುರು ಮನೆಯಲ್ಲಿ ಲೈಟು ಹಚ್ಚಿದರು. ಇಲ್ಲಿ ಬೆಳಕು ಹೋಗುತ್ತಿದೆ, ಹಾಳೆಯ ಗೆರೆ ಕಾಣುತ್ತಿಲ್ಲ. ಅಕ್ಕ ಎದ್ದು ನಿಂತಳು. ಮನೆಯವನೇ ಬಡಿಯಬೇಕಂತೆ. ಹೂಂ, ಎದ್ದೆ ಅಂದೆ, ಇದೊಂದು ಸಾಲು ಮುಗಿಸಿ