ಜೋಡುನಳಿಗೆಯ ಸದ್ದು

ಅಪ್ಪಾ,

ಅತ್ಯಂತ ಗಂಭೀರವಾಗಿ ತಪ್ಪೊಪ್ಪಿಕೊಳ್ಳುತ್ತೇನೆ: ನೀನು ಹೋದ ಮೇಲೆ ಈ ಬಂದೂಕು ರಿಪೇರಿ ಅಂಗಡಿಯಲ್ಲಿ ನಿನ್ನ ಕುರ್ಚಿಯ ಜೊತೆಗೆ ನಿನ್ನ ಜಂಬವನ್ನೂ ಕದ್ದಿದ್ದೇನೆ.

ಇವತ್ತು ಗಿರಾಕಿಯೊಬ್ಬರಿಗೆ, "ಕಣ್ಣಿಗೆ ಪಟ್ಟಿ ಕಟ್ಟಿ ಸಾರ್, ಸದ್ದು ಕೇಳಿಯೇ ಬಂದೂಕಿನ ಜಾತಿ ಹೇಳ್ತೀನಿ. ಅದರೊಳಗೂ ಗುಂಡಿಲ್ಲ, ನನ್ನೊಳಗೂ ಗುಂಡಿಲ್ಲ" ಅಂದೆ.

ಅವರು ಪಟ್ಟಿ ಕಟ್ಟಿ, ಅಂಗಡಿಯ ಬಂದೂಕುಗಳನ್ನು ಒಂದೊಂದಾಗಿ ಆಡಿಸಿದರು. ಚಿಲಕದ ಹಾಗೆ ಎತ್ತಿ ಎಳೆದದ್ದು ಬೋಲ್ಟ್. ಬೆರಳಿಟ್ಟು ಎಳೆಯುವ ಕುದುರೆಯ ಕೆಳಗೆ ಹಿಡಿ ಬೀಸಿ ಮಡಚಿದ್ದು ಲಿವರ್. ನಳಿಗೆಯಡಿ ಹಿಂದೆಮುಂದೆ ಜಾರಿದ್ದು ಪಂಪ್. ಮೂರೂ ಸರಿ! ನಾಲ್ಕನೆಯದು ಟಕ್ ಎಂದು ಮುಚ್ಚಿಕೊಂಡಿತು. ನಾನಿನ್ನೂ ಕಾಯುತ್ತಲೇ ಇದ್ದೆ.

"ಏನ್ರೀ, ನಿದ್ದೆ ಬಂತಾ?"

ಪಟ್ಟಿ ಬಿಚ್ಚಿದರೆ, ನಡು ಬಗ್ಗಿಸಿ ತೆರೆಯುವ ನಮ್ಮ ಹಳೇ ಜೋಡುನಳಿಗೆ. ಚಿಕ್ಕಂದಿನಿಂದ ನಾನು ಅದನ್ನು ಗುರುತಿಸುತ್ತಿದ್ದದ್ದು ಆ ಟಕ್‌ನಿಂದಲ್ಲ ಅಪ್ಪಾ. ನಳಿಗೆಯ ಧೂಳು ಊದಿ ಮುಚ್ಚಿದ ಕೂಡಲೇ ಬರುತ್ತಿದ್ದ ನಿನ್ನ ಕೆಮ್ಮಿನಿಂದ.