ದಂತವೈದ್ಯರು ಬೆಳೆದ ಆಲೂಗಡ್ಡೆ

ಕೃಷಿ ಸಹಾಯಧನ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಅತ್ತಿಗೆ ಬೆಳೆದ ಆಲೂಗಡ್ಡೆಗೆ ತಾವು ಸಹಾಯಧನ ಮಂಜೂರು ಮಾಡಿದ್ದೀರಿ. ಬಹಳ ಸಂತೋಷ. ಆದರೆ ಅದನ್ನು ಕೊಟ್ಟಿರುವುದು ಪೇಟೆಯಲ್ಲಿ ಹಲ್ಲು ಕೀಳುವ ವೈದ್ಯರಿಗೆ. ಹೊಲ ಅವರ ಹೆಸರಿನಲ್ಲಿದೆ, ನಿಜ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ಗುತ್ತಿಗೆಗೆ ಹಿಡಿದು, ವರ್ಷವರ್ಷವೂ ಮುಂಗಡವಾಗಿಯೇ ಹಣ ಕಟ್ಟಿ ಉಳುತ್ತಿದ್ದಾಳೆ. ಸಹಾಯಧನ ಸಾಗುವಳಿ ಮಾಡುವವರಿಗೆ ಎಂದು ತಮ್ಮದೇ ನಿಯಮ ಹೇಳುತ್ತದೆ. ವೈದ್ಯರು ಅಲ್ಲಿ ಏನು ಸಾಗುವಳಿ ಮಾಡಿದರು ಎಂದು ನಾನು ಕೇಳುವಂತಿಲ್ಲ, ಏಕೆಂದರೆ ತಾವೇ ಖುದ್ದಾಗಿ ಬಂದು ಸ್ಥಳ ಪರಿಶೀಲನೆ ನಡೆಸಿದ್ದೀರಿ.

ಆ ದಿನ ನಾನೂ ಅಲ್ಲಿದ್ದೆ. ತಮ್ಮ ಜೀಪಿನಿಂದಲೇ ವೈದ್ಯರೂ ಇಳಿದರು. ಬೂಟಿಗೆ ಮಣ್ಣಾಗದಂತೆ ಬದುವಿನ ಮೇಲೇ ಹೆಜ್ಜೆ ಇಟ್ಟು ಬಂದರು. ಫೋಟೋಗೆಂದು ಅತ್ತಿಗೆಯ ಕೈಯಿಂದ ಗುದ್ದಲಿ ಇಸಿದುಕೊಂಡು, ಅಲಗನ್ನು ಆಕಾಶಕ್ಕೆ ಮಾಡಿ ಹಿಡಿದರು. "ಹಾಗಲ್ಲ ಡಾಕ್ಟ್ರೇ, ತಿರುಗಿಸಿ ಹಿಡ್ಕೊಳ್ಳಿ" ಎಂದು ತಾವೇ ಅವರ ಕೈ ತಿದ್ದಿದಿರಿ. ಆಮೇಲೆ ಅತ್ತಿಗೆಗೆ, "ನೀನು ಸ್ವಲ್ಪ ಆ ಕಡೆ ಹೋಗಮ್ಮಾ, ನೆರಳು ಬೀಳ್ತಿದೆ" ಎಂದಿರಿ. ತಾನೇ ಬೆಳೆದ ಬೆಳೆಯ ಫೋಟೋದಲ್ಲಿ ಆಕೆಯ ನೆರಳೂ ಬೀಳಬಾರದೇ ಸ್ವಾಮಿ? ಗುದ್ದಲಿ ಹಿಡಿಯಲು ಬಾರದವರು ಆಲೂಗಡ್ಡೆ ಹೇಗೆ ಬೆಳೆದಾರು ಎಂಬ ಅನುಮಾನ ತಮಗೆ ಬರಲೇ ಇಲ್ಲವೇ? ಫೋಟೋ ಮುಗಿದ ಮೇಲೆ ಗುದ್ದಲಿಯನ್ನು ಅಲ್ಲೇ ಬಿಸಾಡಿ ಹೋದಿರಿ.

ಕಳೆದ ವಾರ ಅತ್ತಿಗೆ ತಮ್ಮ ಕಚೇರಿಗೆ ಬಂದು ನ್ಯಾಯ ಕೇಳಿದಳು. ತಾವು ಕೂರಲೂ ಹೇಳಲಿಲ್ಲ. "ದಾಖಲೆ ಪ್ರಕಾರ ಬಿತ್ತಿದವ್ರು ಡಾಕ್ಟ್ರು. ನಿಂದೇನಿದೆ ಅದ್ರಲ್ಲಿ?" ಎಂದಿರಿ. ಸಂಜೆಯೊಳಗೆ ವಿಷಯ ವೈದ್ಯರ ಕಿವಿ ಮುಟ್ಟಿತು, ಹೇಗೆ ಮುಟ್ಟಿತೋ ತಮಗೇ ಗೊತ್ತು. ಮರುದಿನ ಅವರು ಹೊಲದ ಗೇಟಿಗೆ ಬೀಗ ಜಡಿದರು. "ಬೆಳೆ ನಂದು ಅಂತ ಸರ್ಕಾರನೇ ಹೇಳಿದೆ. ಬೇಕಾದ್ರೆ ಅಗೆಯೋಕೆ ಬರ್ಲಿ, ಕೂಲಿ ಕೊಡ್ತೀನಿ" ಎಂದು ಹೇಳಿಕಳಿಸಿದರು. ಅಣ್ಣ ಸತ್ತ ದಿನ ಬಿಟ್ಟರೆ ಅತ್ತಿಗೆ ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಈಗ ನನ್ನ ಸರದಿ. ಈ ಸುತ್ತಮುತ್ತ ಆಲೂಗಡ್ಡೆ ಅಗೆಯುವ ಯಂತ್ರ ಇರುವುದು ನನ್ನೊಬ್ಬನ ಬಳಿ. ವೈದ್ಯರು ಆಗಲೇ ಫೋನ್ ಮಾಡಿ ದುಪ್ಪಟ್ಟು ಬಾಡಿಗೆಯ ಆಸೆ ತೋರಿಸಿದ್ದಾರೆ. ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳುವವನಲ್ಲ ನಾನು. ಚೆನ್ನಾಗಿಯೇ ಇದೆ, ಎಣ್ಣೆ ಬಿಟ್ಟು ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ. ಬರುವುದಿಲ್ಲ, ಅಷ್ಟೇ. ಕೂಲಿಯವರೂ ಒಲ್ಲೆ ಎಂದಿದ್ದಾರೆ. ಮೋಡ ಕಟ್ಟುತ್ತಿದೆ. ಮಳೆ ಹಿಡಿದರೆ ಗಡ್ಡೆಯೆಲ್ಲ ನೆಲದೊಳಗೇ ಕೊಳೆಯುತ್ತದೆ.

"ನಿನ್ನ ದುಡಿಮೆ ಮಣ್ಣುಪಾಲಾಗತ್ತಲ್ಲ ಅತ್ತಿಗೆ?" ಎಂದೆ.

"ಕೊಳೀಲಿ ಬಿಡಪ್ಪ. ನನ್ನ ಕೈಯಲ್ಲೇ ಅಗೆಸಿ ಅವ್ರು ತಿನ್ನೋದು ಬೇಡ" ಎಂದಳು.

ಆದ್ದರಿಂದ ಮಳೆಗೆ ಮುಂಚೆ ಸಾಗುವಳಿದಾರರ ಜಾಗದಲ್ಲಿ ಅತ್ತಿಗೆಯ ಹೆಸರು ಬರೆಯಿರಿ, ಗೇಟಿನ ಬೀಗ ತೆಗೆಸಿರಿ, ಸಹಾಯಧನವನ್ನು ವೈದ್ಯರಿಂದ ವಾಪಸು ಪಡೆದು ಆಕೆಗೆ ಕೊಡಿರಿ. ಬಿಡಿಗಾಸು ಬಾಡಿಗೆಯಿಲ್ಲದೆ ನಾನು ಅಗೆದುಕೊಡುತ್ತೇನೆ. ತಮ್ಮಿಂದ ಅದಾಗದಿದ್ದರೆ ಮಳೆ ನಿಂತ ಮೇಲೂ ಅಗೆಯುತ್ತೇನೆ, ಬೀಗದ ಚಿಂತೆ ತಮಗೆ ಬೇಡ. ಕೊಳೆತದ್ದಷ್ಟನ್ನೂ ಟ್ರೈಲರಿಗೆ ತುಂಬಿ ತಂದು ತಮ್ಮ ಕಚೇರಿಯ ಬಾಗಿಲಿಗೆ ಸುರಿಯುತ್ತೇನೆ. ಅದು ಯಾರ ಬೆಳೆ ಎಂದು ಆ ನಾತದ ನಡುವೆ ಕೂತು ತಾವೇ ತೀರ್ಮಾನಿಸಿ.

ಇಂತಿ,
ಹಂಗಾಮಿನ ಬಾಡಿಗೆ ಬಿಟ್ಟುಕೊಟ್ಟು ಹೆಂಡತಿಯಿಂದ ದಿನವೂ ಬೈಸಿಕೊಳ್ಳುತ್ತಿರುವ,
ಆ ಯಂತ್ರದ ಮಾಲೀಕ